ಸಂಕ್ರಾಂತಿಗೆ ಸಂತೆ ಮಾಡುವ ಕ್ರಮ: ಅವರೆ, ಕಬ್ಬು, ಎಳ್ಳು-ಬೆಲ್ಲ ಆರಿಸಿ ಕೊಳ್ಳುವುದು ಹೇಗೆ?

ಸಂಕ್ರಾಂತಿಯ ಅಡುಗೆ, ಪೂಜೆ ಮತ್ತು ಎಳ್ಳು ಬೀರುವುದಕ್ಕೆ ಬೇಕಾಗುವ ಪದಾರ್ಥಗಳೆಲ್ಲ ಒಂದೇ ದಿನ ಕೊಳ್ಳತಕ್ಕವಲ್ಲ. ಕೊಬ್ಬರಿ ಬೆಲ್ಲಗಳನ್ನು ಕತ್ತರಿಸಿ ಬಿಸಿಲಿಗೆ ಹಾಕಲು ದಿನಗಳು ಬೇಕು. ಅವರೆಕಾಯಿ ಎರಡು ದಿನ ಇಟ್ಟರೆ ಸೊಗಡು ಕಳೆದುಕೊಳ್ಳುತ್ತದೆ. ಕಬ್ಬನ್ನು ಕಡಿದ ಮೇಲೆ ಎಷ್ಟು ಬೇಗ ತಿಂದರೆ ಅಷ್ಟು ಸಿಹಿ. ಆದರೂ ಹಬ್ಬದ ಹಿಂದಿನ ಸಂಜೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಗಾಂಧಿ ಬಜಾರು, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆ, ಮೈಸೂರಿನ ದೇವರಾಜ ಮಾರುಕಟ್ಟೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಸಂಜೆ ಬೆಲೆ ಏರಿರುತ್ತದೆ, ಆರಿಸಲು ಪುರುಸೊತ್ತಿರುವುದಿಲ್ಲ, ಹೊತ್ತು ತಂದ ಸಾಮಾನಿನಲ್ಲಿ ಅರ್ಧದಷ್ಟು ಎರಡು ವಾರ ಮೊದಲೇ ಕೊಳ್ಳಬಹುದಾದದ್ದು ಇರುತ್ತದೆ. ಯಾವುದನ್ನು ಯಾವಾಗ, ಯಾರಿಂದ, ಏನನ್ನು ನೋಡಿ ಕೊಳ್ಳಬೇಕು ಎಂಬುದನ್ನು ಮುಖ್ಯವಾಗಿ ಹಳೆ ಮೈಸೂರು ಭಾಗದ ಪದ್ಧತಿಯನ್ನು ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಉತ್ತರ ಕರ್ನಾಟಕದ ಪಟ್ಟಿ ಬೇರೆಯೇ ಆದ್ದರಿಂದ ಅದಕ್ಕೆ ಪ್ರತ್ಯೇಕ ಭಾಗವಿದೆ.

ಹೆಜ್ಜೆ 1: ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಪಟ್ಟಿ ಬರೆಯಿರಿ

ಸಂಕ್ರಾಂತಿ ಸಾಮಾನ್ಯವಾಗಿ ಜನವರಿ 14ರಂದು, ಕೆಲವು ವರ್ಷ 15ರಂದು ಬರುತ್ತದೆ. 2024ರಲ್ಲಿ 15ರಂದು ಬಂದಿತ್ತು, 2025ರಲ್ಲಿ 14ರಂದು. ಪಂಚಾಂಗ ನೋಡಿ ದಿನ ಖಚಿತಪಡಿಸಿಕೊಂಡ ಮೇಲೆ ಪಟ್ಟಿಯನ್ನು ಪದಾರ್ಥದ ಹೆಸರಿಗಿಂತ ಅದರ ಬಾಳಿಕೆಯ ಪ್ರಕಾರ ವಿಂಗಡಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯದು ಒಣ ಸಾಮಾನು: ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಪೊಂಗಲ್ಲಿಗೆ ಅಕ್ಕಿ ಮತ್ತು ಹೆಸರುಬೇಳೆ. ಇವು ಹೊಸ ವರ್ಷದ ಮೊದಲ ನಾಲ್ಕೈದು ದಿನಗಳೊಳಗೆ ಮನೆಗೆ ಬಂದಿರಬೇಕು. ಎರಡನೆಯದು ವಾರಗಟ್ಟಲೆ ಕೆಡದೆ ಉಳಿಯುವ ತರಕಾರಿ, ಅಂದರೆ ಇಡೀ ಸಿಹಿಗುಂಬಳ, ಗೆಣಸು, ಒಣಗಿದ ಕಡಲೆಕಾಯಿ. ಇವನ್ನು ಹಬ್ಬಕ್ಕೆ ಹತ್ತಿರದ ಭಾನುವಾರದ ಸಂತೆಯಲ್ಲಿ ತಂದರೆ ಸಾಕು. ಮೂರನೆಯದು ಅವರೆಕಾಯಿ, ಎಲಚಿ ಹಣ್ಣು, ಕಬ್ಬು, ಸೊಪ್ಪು, ಹೂವು, ಮಾವಿನೆಲೆ. ಹಬ್ಬದ ಮುನ್ನಾದಿನದ ಬೆಳಿಗ್ಗೆಯ ಪಟ್ಟಿಯಲ್ಲಿ ಈ ಮೂರನೆಯ ಗುಂಪೊಂದೇ ಉಳಿದಿರಬೇಕು.

ಎಳ್ಳು-ಬೆಲ್ಲದ ಪ್ರಮಾಣ ಗೊತ್ತುಮಾಡಲು ಎಷ್ಟು ಮನೆಗೆ ಬೀರುತ್ತೀರಿ ಎಂಬುದನ್ನು ಮೊದಲು ಲೆಕ್ಕ ಹಾಕಿ. ಕಾಲು ಕಿಲೋ ಎಳ್ಳಿಗೆ ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ತಲಾ ಅರ್ಧ ಕಿಲೋ ಎಂದಿಟ್ಟುಕೊಂಡರೆ, ಸಿಪ್ಪೆ ಪುಡಿಯೆಲ್ಲ ಕಳೆದು ಸುಮಾರು ಎರಡು ಕಿಲೋ ಮಿಶ್ರಣ ಸಿಗುತ್ತದೆ. ಒಂದು ಮನೆಗೆ 40 ಗ್ರಾಂ ಪೊಟ್ಟಣ ಕಟ್ಟಿದರೆ ಇದು 50 ಮನೆಗೆ ಸಾಲುತ್ತದೆ. ಎಳ್ಳು ಹೆಚ್ಚು ಬೇಕೆನ್ನುವವರು ಹೆಚ್ಚಿಸಿಕೊಳ್ಳಬಹುದು; ಬೆಲ್ಲ ಹೆಚ್ಚಾದರೆ ಮಿಶ್ರಣ ಬೇಗ ಅಂಟಿಕೊಳ್ಳುತ್ತದೆ ಎಂಬುದು ನೆನಪಿರಲಿ.

ಹೆಜ್ಜೆ 2: ಎಲ್ಲಿ ಕೊಳ್ಳಬೇಕು, ಯಾರಿಂದ ಕೊಳ್ಳಬೇಕು

ಸಂತೆಯಲ್ಲಿ ಕುಳಿತವರೆಲ್ಲರೂ ಬೆಳೆದವರಲ್ಲ. ಸಗಟು ಮಾರುಕಟ್ಟೆಯಿಂದ ನಸುಕಿನಲ್ಲಿ ಮೂಟೆ ಎತ್ತಿಕೊಂಡು ಬಂದು ಚಿಲ್ಲರೆ ಮಾರುವವರು ಬಹಳ. ಅವರಿಂದ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಕಿತ್ತು ಎಷ್ಟು ಹೊತ್ತಾಯಿತು ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಬೆಳೆದು ತಂದವರ ಮುಂದೆ ಸಾಮಾನ್ಯವಾಗಿ ಒಂದೋ ಎರಡೋ ಬಗೆಯ ಮಾಲು ಇರುತ್ತದೆ. ಗಾತ್ರ ಒಂದೇ ಸಮನಾಗಿರುವುದಿಲ್ಲ, ಗೆಣಸಿಗೆ ಮಣ್ಣು ಮೆತ್ತಿರುತ್ತದೆ, ಸೊಪ್ಪಿನ ಬೇರಿನಲ್ಲಿ ಹಸಿ ಮಣ್ಣಿರುತ್ತದೆ. ಹತ್ತು ಬಗೆಯ ತರಕಾರಿ, ಎಲ್ಲವೂ ತೊಳೆದು ಒಪ್ಪವಾಗಿ ಜೋಡಿಸಿದ್ದಿದ್ದರೆ ಅದು ಸಗಟು ಮಂಡಿಯಿಂದ ಬಂದದ್ದು ಎಂದು ತಿಳಿಯಬಹುದು.

ಕೇಳಿ ತಿಳಿಯುವುದು ಇನ್ನೂ ಸುಲಭ. "ಅಕ್ಕಾ, ಯಾವೂರ ಕಾಯಿ ಇದು?" ಎಂದರೆ, "ನಮ್ಮ ಹೊಲದ್ದೇ ಕಣಮ್ಮ, ರಾಗಿ ಸಾಲಿನಾಗೆ ಹಾಕಿದ್ದು, ನಿನ್ನೆ ಸಂಜೆ ಕಿತ್ವಿ" ಎಂದು ಥಟ್ಟನೆ ಉತ್ತರ ಬಂದರೆ ಅನುಮಾನಕ್ಕೆ ಕಾರಣವಿಲ್ಲ. ಹಳೆ ಮೈಸೂರಿನ ಖುಷ್ಕಿ, ಅಂದರೆ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ ಬಿತ್ತುವುದು ರೂಢಿ. ರಾಗಿ ಕೊಯ್ದ ಮೇಲೆ ಅವರೆಬಳ್ಳಿಗೆ ಬಿಸಿಲೂ ಜಾಗವೂ ಸಿಕ್ಕಿ ಕಾಯಿ ತುಂಬುತ್ತದೆ. ಬರೀ "ಲೋಕಲ್ ಮಾಲು ಸಾರ್" ಎಂಬ ಉತ್ತರಕ್ಕೆ ಅರ್ಥವಿಲ್ಲ. ಊರಿನ ಹೆಸರು ಹೇಳಬೇಕು.

ಬೆಂಗಳೂರಿನವರಿಗೆ ಮಾಗಡಿ, ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರದ ಕಡೆಯ ಅವರೆ ಬರುತ್ತದೆ. ವಿ.ವಿ. ಪುರದ ಸಜ್ಜನ್ ರಾವ್ ವೃತ್ತದಲ್ಲಿ ಶುರುವಾಗಿ ಇತ್ತೀಚೆಗೆ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿಯೂ ನಡೆದಿರುವ ಅವರೆಬೇಳೆ ಮೇಳ ರುಚಿ ನೋಡಲು ಒಳ್ಳೆಯ ಜಾಗ. ಅಡುಗೆಗೆ ಬೇಕಾದ ಕಾಯಿಯನ್ನು ಮಾತ್ರ ಮಾರುಕಟ್ಟೆಯಲ್ಲೇ ಆರಿಸಿ ಕೊಳ್ಳುವುದು ವಾಸಿ. ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘವಾದ ಹಾಪ್‌ಕಾಮ್ಸ್ ಮಳಿಗೆಯ ಬೆಲೆ ಫಲಕವನ್ನು ಒಮ್ಮೆ ನೋಡಿಕೊಂಡು ಹೋದರೆ ಆ ದಿನದ ಧಾರಣೆಯ ಅಂದಾಜು ಸಿಗುತ್ತದೆ, ಸಂತೆಯಲ್ಲಿ ಚೌಕಾಸಿ ಮಾಡುವಾಗ ಕಣ್ಣುಕಟ್ಟಿದಂತಾಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸುಗ್ಗಿಯ ಹಬ್ಬ ಎಂದ ಮಾತ್ರಕ್ಕೆ ತಟ್ಟೆಯಲ್ಲಿರುವುದೆಲ್ಲ ನಮ್ಮೂರಿನ ಸುಗ್ಗಿಯಲ್ಲ. ಬೆಂಗಳೂರಿನ ಬೀದಿಗಳಲ್ಲಿ ಮಾರುವ ಕರಿಕಬ್ಬಿನಲ್ಲಿ ಬಹಳಷ್ಟು ತಮಿಳುನಾಡಿನದು. ಕೊಬ್ಬರಿ ಎಷ್ಟೋ ತಿಂಗಳ ಹಿಂದಿನ ತೆಂಗಿನಕಾಯಿಯದು. ಹುರಿಗಡಲೆ ಕಾರ್ಖಾನೆಯ ಸರಕು. ರೈತರಿಂದಲೇ ಕೊಳ್ಳಬೇಕೆಂಬ ಹಟವನ್ನು ಅವರೆ, ಕಡಲೆಕಾಯಿ, ಗೆಣಸು, ಸೊಪ್ಪು, ಕುಂಬಳಗಳಲ್ಲಿ ಸಾಧಿಸಿ. ಉಳಿದವನ್ನು ನಂಬಿಕೆಯ ದಿನಸಿ ಅಂಗಡಿಯಲ್ಲಿ ಕೊಂಡರೆ ಹಬ್ಬಕ್ಕೇನೂ ಊನವಾಗುವುದಿಲ್ಲ.

ಹೆಜ್ಜೆ 3: ಎಳ್ಳು-ಬೆಲ್ಲದ ಐದು ಪದಾರ್ಥಗಳು

ಕೊಬ್ಬರಿಯನ್ನು ಎಲ್ಲಕ್ಕಿಂತ ಮೊದಲು ಕೊಳ್ಳಿ, ಅದರ ಕೆಲಸವೇ ಹೆಚ್ಚು. ತಿಪಟೂರು, ಅರಸೀಕೆರೆ ಕಡೆಯ ಉಂಡೆ ಕೊಬ್ಬರಿ ಇದಕ್ಕೆ ಹೇಳಿಮಾಡಿಸಿದ್ದು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹಲವೊಮ್ಮೆ ಒಂದು ವರ್ಷದ ತನಕ ಇಟ್ಟು ಒಳಗಿನ ನೀರು ಪೂರ್ತಿ ಇಂಗಿದ ಮೇಲೆ ಒಡೆದು ತೆಗೆಯುವುದರಿಂದ ಅದು ಬಿಸಿಲಿನಲ್ಲಿ ಒಣಗಿಸಿದ ಬಟ್ಟಲು ಕೊಬ್ಬರಿಗಿಂತ ಹೆಚ್ಚು ಬೆಳ್ಳಗೆ, ಎಣ್ಣೆಯ ಪಸೆಯಿಂದ ಕೂಡಿ, ಕತ್ತರಿಸಿದಾಗ ಪುಡಿಯಾಗದೆ ಬರುತ್ತದೆ. ಅಂಗಡಿಯವರು ಒಂದನ್ನು ಹೋಳು ಮಾಡಿ ತೋರಿಸಲಿ. ಒಳಮೈ ಹಳದಿಗಟ್ಟಿದ್ದರೆ, ಬೂಷ್ಟಿನ ಕಪ್ಪು ಹಸಿರು ಚುಕ್ಕೆಗಳಿದ್ದರೆ, ಮೂಸಿದಾಗ ಕಮಟು ವಾಸನೆ ಬಂದರೆ ಬೇಡ. ಹೊರಗಿನ ಕಂದು ಸಿಪ್ಪೆಯನ್ನು ಹೆರೆದು ತೆಗೆಯಬೇಕಾದ್ದರಿಂದ ತೂಕದಲ್ಲಿ ಸ್ವಲ್ಪ ಹೆಚ್ಚೇ ಕೊಳ್ಳಿ.

ಬೆಲ್ಲದಲ್ಲಿ ಎರಡು ಬಗೆಯ ಪರೀಕ್ಷೆ ಬೇಕು, ಏಕೆಂದರೆ ಪೊಂಗಲ್ಲಿನ ಬೆಲ್ಲವೂ ಎಳ್ಳಿನ ಬೆಲ್ಲವೂ ಒಂದೇ ಅಲ್ಲ. ಎಳ್ಳಿಗೆ ಬೇಕಾದದ್ದು ಗಟ್ಟಿ, ಒಣ, ಕಣಕಣವಾಗಿ ಒಡೆಯುವ ಅಚ್ಚುಬೆಲ್ಲ. ಚಾಕು ಇಟ್ಟು ತಟ್ಟಿದರೆ ಸೀಳಾಗಿ ಬಿರಿಯಬೇಕು, ಚಾಕುವಿಗೆ ಅಂಟಬಾರದು. ಪೊಂಗಲ್ಲಿಗೆ ಮೆತ್ತಗಿನ ಉಂಡೆ ಬೆಲ್ಲವೂ ಬಕೆಟ್ ಬೆಲ್ಲವೂ ನಡೆಯುತ್ತದೆ, ಕರಗಿಸಿ ಸೋಸಿ ಹಾಕುವುದೇ ತಾನೆ. ಬಣ್ಣದ ವಿಚಾರಕ್ಕೆ ಬಂದರೆ, ನಿಂಬೆಹಣ್ಣಿನಂತೆ ಹೊಳೆಯುವ ಹಳದಿ ಬೆಲ್ಲದ ಮೋಹ ಬಿಡಬೇಕು. ಬೆಲ್ಲ ತಯಾರಿಸುವ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವಾಗ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ಗಂಧಕಯುಕ್ತ ರಾಸಾಯನಿಕ ಹಾಕುವುದರಿಂದಲೇ ಆ ಬಣ್ಣ ಬರುವುದು ಹೆಚ್ಚು. ಹಾಗೆಂದು ಕಪ್ಪಾಗಿರುವುದೆಲ್ಲ ಶುದ್ಧವೆಂದಲ್ಲ. ಹಳೆಯ ದಾಸ್ತಾನೂ ಕಪ್ಪಾಗುತ್ತದೆ, ಅತಿಯಾಗಿ ಕಾದ ಪಾಕವೂ ಕಪ್ಪಾಗುತ್ತದೆ. ಚೂರು ಬಾಯಿಗೆ ಹಾಕಿಕೊಳ್ಳಿ: ಕೊನೆಯಲ್ಲಿ ಉಪ್ಪಿನ ರುಚಿಯೋ ಕಹಿಯೋ ನಾಲಿಗೆಯ ಮೇಲೆ ಉಳಿಯಬಾರದು. ಮಂಡ್ಯದ ಕಡೆ ಹೋಗುವವರು ಆಲೆಮನೆಯಲ್ಲೇ ನಿಂತು ಕೊಳ್ಳಬಹುದು. ಪಾಕ ತಿಳಿ ಮಾಡಲು ಬೆಂಡೆಗಿಡದ ಲೋಳೆ ಬಳಸುವ ಹಳೆಯ ಕ್ರಮ ಇನ್ನೂ ಉಳಿದಿರುವ ಆಲೆಮನೆ ಸಿಕ್ಕರೆ ಅಲ್ಲಿ ನಾಲ್ಕು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕಡಲೆಕಾಯಿ ಬೀಜ ಮುಂಗಾರಿನ ಬೆಳೆಯಾದ್ದರಿಂದ ಈ ಹೊತ್ತಿಗೆ ಹೊಸದಾಗಿರುತ್ತದೆ. ಬೆಂಗಳೂರಿನವರಿಗೆ ಇದನ್ನು ಇನ್ನೂ ಮೊದಲೇ ಕೊಳ್ಳುವ ಅವಕಾಶವಿದೆ: ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಗೆ ಸುತ್ತಲ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಕಾಯಿ ಬರುತ್ತದೆ. ಪರಿಷೆಯಲ್ಲಿ ಸಿಪ್ಪೆ ಸಮೇತ ಒಣಗಿದ ಕಾಯಿ ಕೊಂಡು, ಗಾಳಿಯಾಡುವ ಗೋಣಿಚೀಲದಲ್ಲಿಟ್ಟು, ಬೇಕಾದಾಗ ಒಡೆದುಕೊಂಡರೆ ಬೀಜ ಮುಗ್ಗಲಾಗುವುದಿಲ್ಲ. ಬಿಡಿ ಬೀಜ ಕೊಳ್ಳುವುದಾದರೆ ಸುಕ್ಕಿದ್ದು, ಬಣ್ಣಗೆಟ್ಟದ್ದು, ಬೂಷ್ಟು ಹಿಡಿದದ್ದು ಹಿಡಿಯಷ್ಟರಲ್ಲಿ ನಾಲ್ಕೈದು ಕಂಡರೆ ಆ ಚೀಲವನ್ನೇ ಬಿಡಿ. ಬೂಷ್ಟಿನ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷಾಂಶ ಇರುವ ಸಾಧ್ಯತೆಯಿದ್ದು, ಹುರಿದ ಮಾತ್ರಕ್ಕೆ ಅದು ಪೂರ್ತಿ ಹೋಗುವುದಿಲ್ಲ.

ಬಿಳಿ ಎಳ್ಳನ್ನೇ ಕೊಳ್ಳಿ, ಕಲ್ಲು ಮರಳು ಇದೆಯೇ ಎಂದು ಅಂಗೈಯಲ್ಲಿ ಉಜ್ಜಿ ನೋಡಿ. ಹುರಿಗಡಲೆ ಹಲ್ಲಿಗೆ ಕಟುಂ ಎನ್ನಬೇಕು, ಅಷ್ಟೇ. ಸಕ್ಕರೆ ಅಚ್ಚನ್ನು ಮನೆಯಲ್ಲಿ ಹಾಕುವವರು ಕಡಿಮೆಯಾಗಿರುವುದರಿಂದ ಅಂಗಡಿಯಲ್ಲೇ ಕೊಳ್ಳುವುದಾದರೆ ಬಣ್ಣವಿಲ್ಲದ ಬಿಳಿಯದನ್ನು ಆರಿಸಿ. ಮುಟ್ಟಿದರೆ ಜಿಗುಟಾಗಿದ್ದರೆ ಹಬ್ಬದ ಹೊತ್ತಿಗೆ ಆನೆ ಯಾವುದು ಗಿಳಿ ಯಾವುದು ತಿಳಿಯದಂತಾಗಿರುತ್ತದೆ.

ಹೆಜ್ಜೆ 4: ಅವರೆಕಾಯಿ

ಈ ಕಾಲದ ಸಂತೆಯ ಅರಸು ಅವರೆಯೇ ಆದ್ದರಿಂದ ಇದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಸಾಂಪ್ರದಾಯಿಕ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಬಳ್ಳಿ. ಹಾಗಾಗಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಅದರ ಕಾಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ವರ್ಷವಿಡೀ ಬೆಳೆಯಬಹುದು. ಅವುಗಳಿಂದ ರೈತರಿಗೆ ಅನುಕೂಲವಾಗಿದೆ ಎಂಬುದನ್ನು ಒಪ್ಪಲೇಬೇಕು, ಆದರೆ ಮಾಗಿಯ ಚಳಿಯಲ್ಲಿ ಬರುವ ನಾಟಿ ಕಾಯಿಯ ಸೊಗಡಿಗೆ ಅವು ಸಾಟಿಯಲ್ಲ ಎಂಬುದು ಅಡುಗೆಮನೆಯ ತೀರ್ಪು.

ಸೊಗಡು ಎಂಬುದು ಬರೀ ಮಾತಲ್ಲ, ಕೈಗೆ ಸಿಗುವ ವಸ್ತು. ಒಳ್ಳೆಯ ಕಾಯಿಯ ಮೈಮೇಲೆ ಎಣ್ಣೆಯಂಥ ಜಿಡ್ಡಿರುತ್ತದೆ. ರಾಶಿಯ ಮೇಲಿನದನ್ನು ಬಿಟ್ಟು ನಡುವಿನಿಂದ ಒಂದು ಕಾಯಿ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಮೂಸಿ ನೋಡಿ. ಬೆರಳು ಅಂಟಂಟಾಗಿ, ಕೈ ಒರೆಸಿಕೊಂಡ ಮೇಲೂ ವಾಸನೆ ಉಳಿದರೆ ಅದು ಸೊಗಡಿನ ಕಾಯಿ. ಎರಡನೆಯದಾಗಿ ಕೈಯನ್ನು ರಾಶಿಯ ಒಳಗೆ ಮಣಿಕಟ್ಟಿನ ತನಕ ತೂರಿಸಿ. ಮೂಟೆಯಲ್ಲಿ ಬಿಗಿದು ತಂದ ಹಸಿ ಕಾಯಿ ಒಳಗೊಳಗೇ ಬೆವೆತು ಬಿಸಿಯಾಗುತ್ತದೆ. ರಾಶಿಯ ಒಳಗೆ ಬೆಚ್ಚಗಿದ್ದರೆ ಕಾಯಿ ಕಿತ್ತು ಬಹಳ ಹೊತ್ತಾಗಿದೆ, ಸಂಜೆಯೊಳಗೆ ಕಪ್ಪಾಗತೊಡಗುತ್ತದೆ. ತಾಜಾ ಕಾಣಲೆಂದು ನೀರು ಚಿಮುಕಿಸಿದ ಕಾಯಿಯನ್ನೂ ಬಿಡಿ. ತೂಕ ಹೆಚ್ಚುವುದು ಒಂದು ನಷ್ಟ, ಸೊಗಡು ತೊಳೆದುಹೋಗುವುದು ಇನ್ನೊಂದು.

ಆಮೇಲೆ ಕಾಳು ಎಷ್ಟು ಬಲಿತಿದೆ ಎಂಬುದು. ಒಂದೆರಡು ಕಾಯಿ ಬಿಡಿಸಿ ನೋಡಿದರೆ ಯಾವ ರೈತರೂ ಬೇಸರಿಸುವುದಿಲ್ಲ. ಹಿತಕಿದಬೇಳೆ ಸಾರಿಗೆ ಕಾಳು ಉಬ್ಬಿ, ಹೊಳಪಾದ ಹಸಿರು ಸಿಪ್ಪೆ ಬಿಗಿಯಾಗಿರಬೇಕು. ಎಳೆಯದಾದರೆ ಹಿಸುಕಿದಾಗ ಬೇಳೆ ಸಿಪ್ಪೆ ಬಿಡದೆ ನುಜ್ಜುಗುಜ್ಜಾಗುತ್ತದೆ. ಉಪ್ಪಿಟ್ಟು, ಅಕ್ಕಿರೊಟ್ಟಿ, ಹುಳಿಗಳಿಗೆ ಸ್ವಲ್ಪ ಎಳೆಯದು ನಡೆಯುತ್ತದೆ, ಬೇಗ ಬೇಯುತ್ತದೆ ಕೂಡ. ಕಾಯಿ ಹಳದಿಗೆ ತಿರುಗಿ ಸುಕ್ಕಿದ್ದರೆ ಕಾಳಿನ ಸಿಪ್ಪೆ ದಪ್ಪವಾಗಿ ಬಾಯಿಗೆ ಒರಟಾಗುತ್ತದೆ. ಹುಳುವಿನ ತೂತಿರುವ ಕಾಯಿ ನಾಲ್ಕಾರು ಇದ್ದರೆ ಗಾಬರಿ ಬೇಡ. ಹೊಲದಲ್ಲಿ ಔಷಧಿ ಹೊಡೆದದ್ದು ಕಡಿಮೆ ಎಂಬುದಕ್ಕೆ ಅದೂ ಒಂದು ಗುರುತು. ಹತ್ತಕ್ಕೆ ಮೂರು ತೂತಿದ್ದರೆ ಮಾತ್ರ ಮುಂದಿನ ರಾಶಿಗೆ ಹೋಗಿ.

ಎಷ್ಟು ಕೊಳ್ಳಬೇಕು? ಒಂದು ಕಿಲೋ ಕಾಳಿಗೆ ಎರಡರಿಂದ ಎರಡೂವರೆ ಕಿಲೋ ಕಾಯಿ ಬೇಕಾಗುತ್ತದೆ, ಹಿತುಕಿದರೆ ಸಿಪ್ಪೆಯ ತೂಕ ಮತ್ತೆ ಕಳೆಯುತ್ತದೆ. ಈ ಲೆಕ್ಕ ಗೊತ್ತಿದ್ದರೆ ರಸ್ತೆಬದಿಯಲ್ಲಿ ಬಿಡಿಸಿ ಮಾರುವ ಕಾಳು ದುಬಾರಿಯೋ ಅಲ್ಲವೋ ಎಂಬುದನ್ನು ನಿಂತಲ್ಲೇ ಹೇಳಬಹುದು. ಉದಾಹರಣೆಗೆ, ಕಾಯಿ ಕಿಲೋಗೆ 60 ರೂಪಾಯಿ ಇದ್ದರೆ, ಒಂದು ಕಿಲೋ ಕಾಳಿಗೆ ನೀವು ಮನೆಯಲ್ಲಿ ಬಿಡಿಸಿದರೂ 120ರಿಂದ 150 ರೂಪಾಯಿ ಬಿದ್ದೇ ಬೀಳುತ್ತದೆ. ಬಿಡಿಸಿದವರ ಕೂಲಿ ಸೇರಿಸಿ 170 ಕೇಳಿದರೆ ಅನ್ಯಾಯವೇನಲ್ಲ. ಹಿತಕಿದ ಬೇಳೆಯನ್ನೇ ಕೊಳ್ಳುವುದಾದರೆ ಅದು ಮುಳುಗಿರುವ ನೀರನ್ನು ನೋಡಿ. ನೀರು ತಿಳಿಯಾಗಿರಬೇಕು, ನೊರೆ ಹುಳಿ ವಾಸನೆ ಇರಬಾರದು. ಬೆಳಿಗ್ಗೆ ಹಿತುಕಿದ್ದನ್ನು ಮಧ್ಯಾಹ್ನದೊಳಗೆ ಕೊಂಡು, ಮನೆಗೆ ಹೋದ ಕೂಡಲೇ ಫ್ರಿಜ್ಜಿನಲ್ಲಿಡಿ. ಇದಕ್ಕೆ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯುವುದು ಎಲ್ಲ ವಿಧದಲ್ಲೂ ಮೇಲು.

ಹೆಜ್ಜೆ 5: ಕಬ್ಬು, ಎಲಚಿ, ಗೆಣಸು, ಕುಂಬಳ

ಪೂಜೆಗೆ ಗರಿ ಸಮೇತ ಜೋಡಿ ಜಲ್ಲೆ ಬೇಕು, ಬೀರುವುದಕ್ಕೆ ತುಂಡು. ಎರಡನ್ನೂ ಒಂದೇ ಜಲ್ಲೆಯಿಂದ ಮಾಡಿಕೊಳ್ಳುವವರು ಗೆಣ್ಣುಗಳ ನಡುವಿನ ಅಂತರ ನೋಡಿ ಆರಿಸಿ. ಅಂತರ ಉದ್ದವಿದ್ದಷ್ಟೂ ತಿನ್ನಲು ಸುಲಭ, ಏಕೆಂದರೆ ಗೆಣ್ಣು ಹಲ್ಲಿಗೆ ಕಲ್ಲು. ಕಡಿದ ತುದಿ ಬೆಳ್ಳಗೆ ಒದ್ದೆಯಾಗಿರಬೇಕು. ಒಳಗೆ ಕೆಂಪು ಗೆರೆ ಅಥವಾ ಮಚ್ಚೆ ಕಂಡು, ಹುಳಿ ಹೆಂಡದ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ ತಗುಲಿದ ಕಬ್ಬು. ಮೈಮೇಲಿನ ಬೂದಿಯಂಥ ಬಿಳಿ ಪುಡಿ ಸಹಜವಾದ ಮೇಣ, ಒರೆಸಿದರೆ ಹೋಗುತ್ತದೆ. ಬುಡದ ಕಡೆ ಸಿಹಿ ಹೆಚ್ಚು, ತುದಿಯ ಕಡೆ ಸಪ್ಪೆ. ಮಾರುವವರು ತುಂಡು ಮಾಡಿಕೊಡುವಾಗ ಗರಿಯ ಕೆಳಗಿನ ಒಂದೆರಡು ಗೆಣ್ಣನ್ನು ಪೂಜೆಗೆ ಉಳಿಸಿ, ಬುಡದ ಭಾಗವನ್ನು ತಿನ್ನಲು ಕೇಳಿ ಪಡೆಯಬೇಕು. ಕಡಿದ ಕಬ್ಬಿನಲ್ಲಿ ಸಿಹಿ ದಿನೇದಿನೇ ಇಳಿಯುತ್ತದೆ, ಆದ್ದರಿಂದ ಮುನ್ನಾದಿನಕ್ಕಿಂತ ಮೊದಲು ತರುವುದು ಬೇಡ.

ಎಲಚಿ ಹಣ್ಣು ಮಕ್ಕಳಿಗೆ ಎರೆಯಲು ಬೇಕಾದದ್ದು, ಕಬ್ಬಿನ ಚೂರು ಮತ್ತು ನಾಣ್ಯಗಳ ಜೊತೆ ತಲೆಯ ಮೇಲಿಂದ ಸುರಿಯುವಂಥದ್ದು. ಆಪಲ್ ಬೋರೆ ಎಂಬ ದಪ್ಪನೆಯ ಎಲಚಿ ತಿನ್ನಲು ಚೆನ್ನ, ಆದರೆ ಮಗುವಿನ ತಲೆಗೆ ಸುರಿಯಲು ಹುಳಿಸಿಹಿಯ ಸಣ್ಣ ನಾಟಿ ಎಲಚಿಯೇ ಸರಿ! ಸೂಜಿಮೊನೆಯಷ್ಟು ತೂತಿದ್ದರೂ ಒಳಗೆ ಹುಳುವಿರುವುದುಂಟು.

ಗೆಣಸನ್ನು ತೊಳೆಯದ್ದನ್ನೇ ಕೊಳ್ಳಿ. ಎರಡು ತುದಿಗಳು ಗಟ್ಟಿಯಾಗಿರಬೇಕು, ಕೊಳೆತ ಮೊದಲು ಕಾಣುವುದು ಅಲ್ಲೇ. ಮಧ್ಯಮ ಗಾತ್ರದ್ದು ಒಂದೇ ಸಮನಾಗಿ ಬೇಯುತ್ತದೆ. ಸಿಹಿಗುಂಬಳದ ತೊಟ್ಟು ಒಣಗಿ ಬೆಂಡಾಗಿದ್ದರೆ, ಉಗುರು ಊರಿದರೆ ಸಿಪ್ಪೆ ಬಗ್ಗದಿದ್ದರೆ ಕಾಯಿ ಬಲಿತಿದೆ. ಬೇಯಿಸಿ ತಿನ್ನುವ ಹಸಿ ಕಡಲೆಕಾಯಿ ಡಿಸೆಂಬರ್ ಕಳೆಯುತ್ತಿದ್ದಂತೆ ಸಂತೆಯಲ್ಲಿ ವಿರಳವಾಗುತ್ತದೆ. ಸಿಗದಿದ್ದರೆ ಒಣ ಕಾಯಿಯನ್ನು ರಾತ್ರಿ ನೆನೆಹಾಕಿ ಉಪ್ಪು ಬೆರೆಸಿ ಬೇಯಿಸಿದರೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಕಿವಿಯ ಬಳಿ ಕುಲುಕಿದಾಗ ಒಳಗೆ ಬೀಜ ಅಲುಗುವ ಸದ್ದು ಬಂದರೆ ಒಣಗಿದ ಕಾಯಿ, ಬರದಿದ್ದರೆ ಹಸಿಯದು.

ಪೊಂಗಲ್ಲಿನ ಅಕ್ಕಿಯ ಬಗ್ಗೆಯೂ ಎರಡು ಮಾತು. ಅನ್ನಕ್ಕೆ ಹಳೆ ಅಕ್ಕಿ ಹುಡುಕುವ ನಾವು ಹುಗ್ಗಿಗೆ ಹೊಸ ಅಕ್ಕಿಯನ್ನೇ ಹುಡುಕಬೇಕು. ಕೊಯ್ಲಾಗಿ ಕೆಲವೇ ವಾರಗಳಾದ ಭತ್ತದ ಅಕ್ಕಿ ಬೇಗ ಬೆಂದು, ಮುದ್ದೆಮುದ್ದೆಯಾಗಿ ಬೇಳೆಯ ಜೊತೆ ಹೊಂದಿಕೊಳ್ಳುತ್ತದೆ. ನೀರು ಮಾತ್ರ ಹಳೆ ಅಕ್ಕಿಗಿಂತ ಕಡಿಮೆ ಹಾಕಬೇಕು. ರೈತ ಸಂತೆಯಲ್ಲಿ ಹೊಸ ಅಕ್ಕಿ ಚಿಲ್ಲರೆಯಾಗಿ ಒಂದೆರಡು ಕಿಲೋ ಸಿಗುತ್ತದೆ, ಅದೇ ಸಾಕು.

ಉತ್ತರ ಕರ್ನಾಟಕದ ಸಂತೆಗೆ ಹೋಗುವವರಿಗೆ

ಧಾರವಾಡ, ಬಾಗಲಕೋಟೆ, ವಿಜಯಪುರ, ಕಲಬುರಗಿಗಳ ಕಡೆ ಪಟ್ಟಿಯ ಮೊದಲ ಸಾಲಿನಲ್ಲಿ ಸಜ್ಜೆ ಇರುತ್ತದೆ. ಭೋಗಿಯ, ಅಂದರೆ ಸಂಕ್ರಾಂತಿಯ ಹಿಂದಿನ ದಿನದ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಹಿಟ್ಟು ಕೊಳ್ಳಬೇಡಿ, ಕಾಳು ಕೊಳ್ಳಿ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಬೀಸಿದ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಹಬ್ಬಕ್ಕೆ ಎರಡು ದಿನ ಮುಂಚೆ ಗಿರಣಿಗೆ ಹಾಕಿಸಿದರೆ ರೊಟ್ಟಿ ಬಿರಿಯದೆ ಬರುತ್ತದೆ, ರುಚಿಯೂ ಇರುತ್ತದೆ. ಎಣ್ಣೆಗಾಯಿಗೆ ಅಂಗೈಯಲ್ಲಿ ಎರಡು ಮೂರು ಹಿಡಿಸುವಷ್ಟು ಚಿಕ್ಕ, ತೊಟ್ಟು ಹಸಿರಾಗಿರುವ, ಒತ್ತಿದರೆ ಪುಟಿಯುವ ಬದನೆಕಾಯಿ ಆರಿಸಿ. ಗಾತ್ರಕ್ಕೆ ಮೀರಿ ಭಾರವಿದ್ದರೆ ಒಳಗೆ ಬೀಜ ಬಲಿತಿರುತ್ತದೆ. ಭೋಗಿಯ ಪಲ್ಯಕ್ಕೆ ಗಜ್ಜರಿ (ಕ್ಯಾರೆಟ್), ಹಸಿ ಅವರೆ, ಹಸಿ ತೊಗರಿ, ಗಿಡದಿಂದ ಬಿಡಿಸಿದ ಸುಲಗಾಯಿ (ಹಸಿ ಕಡಲೆ) ಎಲ್ಲವೂ ಇದೇ ಹೊತ್ತಿಗೆ ಕಪ್ಪುಮಣ್ಣಿನ ಎರೆಹೊಲಗಳಿಂದ ಬರುತ್ತವೆ. ಸುಲಗಾಯಿಯನ್ನು ಗಿಡ ಸಮೇತ ಕೊಂಡರೆ ಒಂದೆರಡು ದಿನ ಬಾಡುವುದಿಲ್ಲ. ಹೋಳಿಗೆಗೆ ಬೇಕಾಗುವ ಶೇಂಗಾ, ಎಳ್ಳುಗಳಿಗೆ ಮೇಲೆ ಹೇಳಿದ ಪರೀಕ್ಷೆಗಳೇ ಸಾಕು. ಬೆಲ್ಲ ಮಹಾಲಿಂಗಪುರದ ಕಡೆಯದು ಸಿಗುತ್ತದೆ. ಸಕ್ಕರೆ ಪಾಕದ ಲೇಪವಿರುವ ಎಳ್ಳಾದ ಕುಸುರೆಳ್ಳನ್ನು ಮುಳ್ಳು ಚೂಪಾಗಿ, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಇರುವುದನ್ನು ನೋಡಿ ತರಬೇಕು.

ಹೆಜ್ಜೆ 6: ತೂಕ, ಬೆಲೆ, ಕೊಸರು

ತಕ್ಕಡಿ ಯಾವುದೇ ಇರಲಿ, ಖಾಲಿ ಇದ್ದಾಗ ಮುಳ್ಳು ನಡುವಿನಲ್ಲಿದೆಯೇ, ಎಲೆಕ್ಟ್ರಾನಿಕ್ ಆದರೆ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳುವುದು ಅವಮಾನ ಮಾಡಿದಂತಲ್ಲ. ಹಳ್ಳಿಯ ಸಂತೆಗಳಲ್ಲಿ ಕಾಳು ಬೇಳೆಗಳನ್ನು ಇನ್ನೂ ಪಾವು ಸೇರಿನಲ್ಲಿ ಅಳೆದು ಕೊಡುವವರಿದ್ದಾರೆ. ಅಳತೆಯ ಪಾತ್ರೆಯ ತಳ ಒಳಮುಖವಾಗಿ ಉಬ್ಬಿಲ್ಲವೆಂದು ನೋಡಿಕೊಂಡು, ಮೇಲೆ ಗೋಪುರವಾಗಿ ತುಂಬಿ ಕೊಡುತ್ತಾರೋ ತಲೆ ಹೊಡೆದು ಮಟ್ಟಸವಾಗಿ ಕೊಡುತ್ತಾರೋ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಎರಡಕ್ಕೂ ನಡುವಿನ ಅಂತರ ಸಣ್ಣದಲ್ಲ. ಗುಡ್ಡೆ ಲೆಕ್ಕದಲ್ಲಿ ಮಾರುವ ಗೆಣಸು, ಎಲಚಿಗಳಲ್ಲಿ ಗುಡ್ಡೆಯ ಹಿಂಭಾಗವನ್ನೂ ನೋಡಿದ ಮೇಲೆಯೇ ಚೀಲ ಒಡ್ಡಬೇಕು.

ಬೆಳೆದು ತಂದವರ ಬಳಿ ಕಿಲೋಗೆ ಐದು ರೂಪಾಯಿ ಇಳಿಸುವುದಕ್ಕಾಗಿ ಹತ್ತು ನಿಮಿಷ ವಾದಿಸುವುದು ನನ್ನ ಮಟ್ಟಿಗೆ ಶೋಭಿಸುವ ಕೆಲಸವಲ್ಲ. ಹೇಳಿದ ಬೆಲೆಗೆ ತೂಗಿಸಿಕೊಂಡು, "ಸ್ವಲ್ಪ ಕೊಸರು ಹಾಕಮ್ಮ" ಎಂದರೆ ಒಂದು ಹಿಡಿ ಅವರೆಕಾಯಿಯೋ ಒಂದು ಎಳೆ ಕೊತ್ತಂಬರಿಯೋ ಚೀಲಕ್ಕೆ ಬೀಳುತ್ತದೆ, ಇಬ್ಬರಿಗೂ ಸಮಾಧಾನ. ಬೋಣಿಯ ಹೊತ್ತಿನಲ್ಲಿ ಕೇಳಿ ಹಾಗೇ ಹೊರಟುಬಿಡುವುದನ್ನು ಮಾರುವವರು ಇಷ್ಟಪಡುವುದಿಲ್ಲ, ಕೊಳ್ಳುವ ಮನಸ್ಸಿದ್ದರೆ ಮಾತ್ರ ಬೆಳಗಿನ ಮೊದಲ ಗಿರಾಕಿಯಾಗಿ. ಬೆಲೆ ಇಳಿಯುವುದು ಸಂತೆ ಮುರಿಯುವ ಹೊತ್ತಿಗೆ. ಗೆಣಸು, ಕುಂಬಳಗಳಂಥವಕ್ಕೆ ಆ ಹೊತ್ತು ಆಗುತ್ತದೆ, ಅವರೆ ಸೊಪ್ಪುಗಳಿಗೆ ಆಗುವುದಿಲ್ಲ. ಕ್ಯುಆರ್ ಸಂಕೇತದ ಫಲಕ ಬಹುತೇಕ ಕಡೆ ಬಂದಿದ್ದರೂ, ಸೊಪ್ಪು ಮಾರುವ ಅಜ್ಜಿಯರಿಗಾಗಿ ಹತ್ತು ಇಪ್ಪತ್ತರ ನೋಟು ಜೇಬಿನಲ್ಲಿರಲಿ. ಬಟ್ಟೆ ಚೀಲ ಮೂರು ನಾಲ್ಕು ಬೇಕೇ ಬೇಕು. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ ಎಂಬುದು ಒಂದು ಕಾರಣವಾದರೆ, ಅದರಲ್ಲಿ ಕಟ್ಟಿದ ಅವರೆಕಾಯಿ ಮನೆ ಮುಟ್ಟುವುದರೊಳಗೆ ಬೆವೆಯುತ್ತದೆ ಎಂಬುದು ಇನ್ನೊಂದು.

ಹೆಜ್ಜೆ 7: ಮನೆಗೆ ತಂದ ಮೇಲೆ

ಅವರೆಕಾಯಿಯನ್ನು ಬಂದ ಕೂಡಲೇ ಚೀಲದಿಂದ ಸುರಿದು ಮೊರದ ಮೇಲೆಯೋ ಹಾಳೆಯ ಮೇಲೆಯೋ ಹರಡಬೇಕು, ತೊಳೆಯಬಾರದು. ಬಿಡಿಸಿದ ಕಾಳು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಹಿತುಕಲು ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕೂತರೆ ಬೆರಳ ತುದಿಯಲ್ಲಿ ಒತ್ತಿದ ಕ್ಷಣಕ್ಕೆ ಬೇಳೆ ಹೊರಗೆ ಹಾರುತ್ತದೆ. ಹಬ್ಬದ ದಿನ ಬಡಿಸುವುದಾದರೆ ಮುನ್ನಾದಿನ ಬೆಳಿಗ್ಗೆ ಕಾಯಿ ಬರಬೇಕು, ಮಧ್ಯಾಹ್ನ ಬಿಡಿಸಬೇಕು, ರಾತ್ರಿ ನೆನೆಯಬೇಕು. ಈ ಲೆಕ್ಕದಿಂದಲೇ ಅವರೆಯ ಖರೀದಿಯ ದಿನ ನಿಗದಿಯಾಗುತ್ತದೆ.

ಕೊಬ್ಬರಿಯ ಸಿಪ್ಪೆ ಹೆರೆದು, ಸಣ್ಣ ಸಮ ಚೂರುಗಳಾಗಿ ಹೆಚ್ಚಿ, ತೆಳುಬಟ್ಟೆ ಮುಚ್ಚಿ ಎರಡು ಮೂರು ದಿನ ಬಿಸಿಲಿನಲ್ಲಿಡಿ. ಬೆಲ್ಲವನ್ನೂ ಅದೇ ಗಾತ್ರಕ್ಕೆ ಕತ್ತರಿಸಿ ಬಿಸಿಲಿಗೆ ಹಾಕಿ, ಸೂರ್ಯ ಇಳಿಯುವ ಮುಂಚೆಯೇ ಒಳಗೆ ತನ್ನಿ. ಚಳಿಗಾಲದ ಇಬ್ಬನಿ ತಗುಲಿದರೆ ಮರುದಿನಕ್ಕೆ ಎಲ್ಲವೂ ಒಂದೇ ಮುದ್ದೆಯಾಗುತ್ತದೆ. ಕಡಲೆಬೀಜ ಹುರಿದು ಸಿಪ್ಪೆ ತೆಗೆದು ಹೋಳು ಮಾಡಿ, ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವ ತನಕ ಹುರಿದು, ಎರಡೂ ಪೂರ್ತಿ ಆರಿದ ಮೇಲೆಯೇ ಬೆರೆಸಿ. ಬಿಸಿ ಉಳಿದಿದ್ದರೆ ಬೆಲ್ಲ ಬೆವರುತ್ತದೆ. 

ಗೆಣಸನ್ನು ಫ್ರಿಜ್ಜಿಗೆ ಹಾಕಬಾರದು, ತಂಪಿಗೆ ಒಳಗೆ ಗಟ್ಟಿಯಾಗಿ ರುಚಿ ಕೆಡುತ್ತದೆ. ಕಬ್ಬಿನ ಕಡಿದ ತುದಿಗೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ನಿಲ್ಲಿಸಿದರೆ ಮರುದಿನದ ತನಕ ರಸ ಆರುವುದಿಲ್ಲ. ಹಬ್ಬ ಮುಗಿದ ಮೇಲೆಯೂ ಅವರೆ ಇನ್ನೂ ಕೆಲವು ವಾರ ಬರುತ್ತದೆ, ಹಬ್ಬದ ಬೇಡಿಕೆ ಇಳಿದಿರುವುದರಿಂದ ಬೆಲೆಯೂ ಸಾಮಾನ್ಯವಾಗಿ ತಗ್ಗುತ್ತದೆ. ವರ್ಷದ ಉಳಿದ ತಿಂಗಳುಗಳಿಗೆ ಕಾಳು ಬಿಡಿಸಿ ಫ್ರೀಜರಿನಲ್ಲಿ ಇಟ್ಟುಕೊಳ್ಳುವವರು ಆ ದಿನಗಳ ತನಕ ಕಾದು ಕೊಳ್ಳಬೇಕು.